ಆಡಿನ ಗೋಣಿನ ಎತ್ತರ

ಹೋಳಿ ಮುಗಿದ ಮರುದಿನ
ಗಂಜಿನ ಹಿಂದಿನ ನನ್ನ ತಗಡಿನ ಅಂಗಡಿಯೊಳಗ
ಹುಲ್ಲಿನ ಹಂಗಾಮ ಸುರು.
ಹಳೇ ಕೂಲರಿನ ಮೂರೂ ಬಾಗಿಲ ಬಿಚ್ಚಿ
ಹೋದ ವರ್ಷದ ಕರ್ರಗಾದ ಹುಲ್ಲ ಕಿತ್ತು
ಹೊಸಾದು ತುಂಬಿ, ಜಾಳಗಿ ಬಡದು
"ನೀರ ಬಿಡೋ ಇಸ್ಮಾಯಿಲ್" ಅಂತೀನಿ.
ತೊಯ್ದ ಹುಲ್ಲಿನ ವಾಸನಿ, ಪೈಲಾ ಗಾಳಿ.
ಗಿರಾಕಿ ಕಣ್ಣ ಮುಚ್ಚಿ ನಿಲ್ಲತಾರ ಎರಡು ಕ್ಷಣ.
ಅದಕ್ಕ ರೊಕ್ಕ ತಗೊಳ್ಳಾಂಗಿಲ್ಲ.

ಜಗದೇವಿ ಮೇಡಂ ಬಂದದ್ದು ಅಂಥಾ ದಿನಾನೇ.
ಕೈಯಾಗ ನಕ್ಷೆ, ಸ್ಕೂಟಿಯ ಡಿಕ್ಕಿಯೊಳಗ
ಸುರುಳಿ ಸುತ್ತಿದ ಪ್ಲಾಸ್ಟಿಕ್ ಹುಲ್ಲು.
ರಿಂಗ್ ರೋಡಿನ ಮ್ಯಾಲ ಹಲ್ಲಿನ ದವಾಖಾನಿ,
ಪಡುವಣ ಗೋಡಿ ಪೂರಾ ಕಾಜು.
"ಮಧ್ಯಾಹ್ನ ಒಳಗ ಕುಂತ ಪೇಶಂಟು
ತಾವೇ ಬಾಯಿ ತೆರೀತಾರ" ಅಂದಳು, ನಗಲಿಲ್ಲ.
ಹೋದ ಬ್ಯಾಸಿಗ್ಯಾಗ ಮಾಲಕರು ಅಂಟಿಸಿದ್ದ ಹಸಿರು
ಹದಿನೈದೇ ದಿನಕ್ಕ ಬೂದಿ,
ಮುಟ್ಟಿದರ ರೊಟ್ಟಿ ಹಂಚು.
"ಜೀವಂತ ಹುಲ್ಲು ಹಾಕಬೇಕು ಗೋಡಿಗೆ.
ತಗಡಿನ ತಾಟು ಮಾಡಿಕೊಡ್ರಿ, ಒಂದರ ಮ್ಯಾಲ ಒಂದು,
ನೂರಾ ಎಂಬತ್ತು."

ನಾ ಅಂದೆ: ನೋಡವ್ವಾ, ಮೂವತ್ತು ವರ್ಷಾತು
ಹುಲ್ಲಿನ ಗೋಡಿನೇ ಕಟ್ಟಲಾಕತ್ತೀನಿ,
ನನ್ನ ಗೋಡಿಗೆ ಒಂದು ಪಂಖಾ ಇರತದ, ಅಷ್ಟೇ ಫರಕು.
ಮೂಲಿಯೊಳಗಿನ ಕೂಲರ್ ತೋರಿಸಿದೆ:
ಮಳಿಗಾಲದಾಗ ವಾಪಸ್ ಬಂದದ್ದು, ಮರೆತು ಬಿಟ್ಟದ್ದು.
ಯಾವ ಚೀಲದ್ದೋ ಎರಡು ಕಾಳು ಜ್ವಾಳ
ಹುಲ್ಲಿನ ಸಂದ್ಯಾಗ ಮೊಳಕಿ ಒಡದು, ಜಾಳಗಿ ತೂರಿ,
ಗೇಣುದ್ದ ನಿಂತು, ಬೆಳಕು ಸಿಗದೆ ಹಳದಿಯಾಗಿ
ಅಲ್ಲೇ ಒಣಗಿತ್ತು.
ಮೇಡಂ ಮೊಣಕಾಲೂರಿ ಕುಂತಳು ಅದರ ಮುಂದ.
ಬೇರಿನ ಉದ್ದ ಅಳದು
ಅಂಗೈ ಮ್ಯಾಲ ಬರಕೊಂಡಳು.

ಮೊದಲು ನರ್ಸರಿ ಹುಲ್ಲು ತಂದ್ವಿ,
ರೇಷ್ಮಿಯಂಥಾದ್ದು, ಚೌಕಕ್ಕ ಇಷ್ಟು ಅಂತ ಬೆಲಿ.
ಎಂಟು ದಿನ ಬದುಕಿತು.
ಕಲಬುರಗಿ ಬಿಸಲಿನ ಪರಿಚಯ ಇರಲಿಲ್ಲ ಅದಕ್ಕ.
"ಕರಕಿ ತರ್ರಿ" ಅಂದ ಇಸ್ಮಾಯಿಲ್,
ತಲಿ ಎತ್ತಲಾರದೇ, ರಿವೆಟ್ ಬಡಕೋತ.
ಅವನ ಮಾವಂದು ಆಳಂದ ಕಡಿ ಹೊಲಾ.
ಕರಿ ಹೊಲದ ಕರಕಿ ಅಂದ್ರ ನೆಗಿಲು ಮುರಿಯೂ ಹುಲ್ಲು,
ಆಳು ಹಚ್ಚಿ ಮೊಣಕಾಲುದ್ದ ಅಗದು
ಬದುವಿಗೆ ಒಗದು ಬೈಯೂ ಹುಲ್ಲು,
ಬದುವಿನ ಮ್ಯಾಲೂ, ಬೇರು ಬಿಸಲಿಗೆ ಒಡ್ಡಿ,
ತಿಂಗಳಾದ್ರೂ ಸಾಯಲಾರದ್ದು.
ಟೆಂಪೋ ತುಂಬಿಸಿ ಮಾವ ಕೇಳಿದ,
"ರೊಕ್ಕ ನಾ ಕೊಡಬೇಕೋ, ನೀವೋ?"

ತಾಟಿನ ತಳಕ್ಕ ತೂತು, ತೂತಿಗೆ ಬಟ್ಟಿ,
ಬಟ್ಟಿ ಮ್ಯಾಲ ತೊಗರಿ ಹೊಟ್ಟು, ಮುಟಗಿ ಕರಿಮಣ್ಣು,
ಮ್ಯಾಲಿಂದ ಹನಿಸಾಕ ನನ್ನ ಕೂಲರಿಂದೇ ಮೋಟಾರು.
ಇಪ್ಪತ್ತು ದಿನಕ್ಕ ತಗಡು ಕಾಣಲಿಲ್ಲ.
ಗೋಡಿ ಅನ್ನೂದು ಕರಕಿಗೆ ತಿಳೀಲೇ ಇಲ್ಲ,
ನೆಲಾ ಎದ್ದು ನಿಂತದ ಅಂತ
ಮ್ಯಾಲಕ ಹೊಂಟೇಬಿಟ್ಟಿತು.

ಆಮ್ಯಾಲ ಆಡು ಬಂದವು.
ಹಿಂದಿನ ಓಣಿಯ ಹುಸೇನ್‌ಬಿಯ ಐದು ಆಡು
ಮುಂಗಾಲು ಗೋಡಿಗೆ ಕೊಟ್ಟು
ಕೆಳಗಿನ ನಾಕು ಸಾಲು ನುಣ್ಣಗ ಬೋಳಿಸಿ
ದವಾಖಾನಿ ಪಾವಟಿಗಿ ಮ್ಯಾಲ ಮೆಲಕು ಹಾಕ್ಕೋತ ಕುಂತಿದ್ದವು.
ಅವಕ್ಕ ಹಲ್ಲಿನ ತಕರಾರು ಏನೂ ಇಲ್ಲ.
ಮಾಲಕರು ಸಿಟ್ಟಿಗೆದ್ದು "ತಂತಿ ಬೇಲಿ ಹಾಕು" ಅಂದ್ರು.
ನಾನೂ ತಂತಿ ಲೆಕ್ಕಾ ಬರದಿದ್ದೆ, ಖರೇ ಹೇಳತೀನಿ.

ಮೇಡಂ ನಕ್ಷೆ ಬಿಚ್ಚಿದಳು. ಪೆನ್ಸಿಲ್ ಕೇಳಿದಳು.
"ಚಾಚಾ, ಆ ದೊಡ್ಡದನ್ನ ಹಿಡೀರಿ ಸ್ವಲ್ಪ."
ಆಡಿನ ಮುಂಗಾಲು ಗೋಡಿಗೆ ಆನಿಸಿ
ಇಸ್ಮಾಯಿಲ್ ಕಿವಿ ಹಿಡದ, ನಾ ಟೇಪ್ ಚಾಚಿದೆ.
"ಗೋಣು ಚಾಚಿದ್ರ ಐದು ಫೂಟು ಎರಡು ಇಂಚು."
ಬರಕೊಂಡಳು. ಅಲ್ಲೊಂದು ಗೆರಿ ಎಳದಳು.
ಗೆರಿಯ ಕೆಳಗ, ಮನುಷ್ಯರ ಬಾಗಿಲಿನ ಬಾಜೂಕ,
ಸಣ್ಣ ಅಕ್ಷರದಾಗ: ಇದು ಅವುಗಳದ್ದು.

ಅಷ್ಟೊತ್ತಿಗೆ ಆಡು
ನಕ್ಷೆಯ ಒಂದು ಮೂಲಿ ತಿಂದಿತ್ತು.